ಹೊರಗಿನ ಸದಸ್ಯೆ ಯಾರ ಕಡೆಯವರು?

ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಕಾಲೇಜುಗಳಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ಸಮಿತಿಗೆ ಹೊರಗಿನಿಂದ ಬರುವವರು ಯಾರು, ಅವರನ್ನು ಎಷ್ಟು ನಂಬಬಹುದು? ನಾನು ಧಾರವಾಡದಲ್ಲಿ ವಕೀಲಿಕೆ ಮಾಡುತ್ತೇನೆ. ಕೆಲವು ಕಾಲೇಜುಗಳ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಆ ಕುರ್ಚಿಯಲ್ಲಿ ಕೂತು ಕಂಡದ್ದನ್ನೇ ಇಲ್ಲಿ ಬರೆದಿದ್ದೇನೆ. ಪತ್ರ ಬರೆದವರ ಹೆಸರು, ಕಾಲೇಜು, ಊರು ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜು. ನಾನು ಸಮಿತಿಯ ಅಧ್ಯಕ್ಷೆ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವುದಿದೆ. ಆಡಳಿತ ಮಂಡಳಿಯವರು ಬೆಂಗಳೂರಿನ ಒಂದು ಸಲಹಾ ಸಂಸ್ಥೆ ಜೊತೆ ಒಪ್ಪಂದ ಮಾಡಿಕೊಳ್ಳೋಣ ಅನ್ನುತ್ತಿದ್ದಾರೆ. ತರಬೇತಿ, ನಿಯಮಾವಳಿ, ಗೋಡೆಗೆ ಹಾಕುವ ಬೋರ್ಡು, ವಾರ್ಷಿಕ ವರದಿ, ಹೊರಗಿನ ಸದಸ್ಯೆ, ಎಲ್ಲವೂ ಅವರದೇ. ದೂರು ಬಂದರೆ ವಿಚಾರಣೆಯನ್ನೂ ಅವರೇ ನಡೆಸಿ ಕೊಡುತ್ತಾರಂತೆ. ನಮಗೂ ತಲೆನೋವು ಕಡಿಮೆ ಅಲ್ವಾ? ಒಪ್ಪಬಹುದೇ?
— ಒಬ್ಬ ಅಧ್ಯಕ್ಷೆ, ಮಧ್ಯ ಕರ್ನಾಟಕ

ಉತ್ತರ: ಮೇಡಂ, ತರಬೇತಿಗೆ ಅವರನ್ನು ಕರೆಸಿ. ವಿಚಾರಣೆಯನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಹೊರಗಿನ ಸದಸ್ಯೆಯನ್ನೂ ಅವರಿಂದ ತೆಗೆದುಕೊಳ್ಳಬೇಡಿ.

ತರಬೇತಿ ನಿಜಕ್ಕೂ ಬೇಕು. ಸಮಿತಿಗೆ ಹೆಸರು ಸೇರಿಸಿದ ದಿನ ಬಿಟ್ಟರೆ ಕಾಯ್ದೆಯ ಪ್ರತಿಯನ್ನೇ ನೋಡದ ಸದಸ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದು ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ. ಕಸ ಗುಡಿಸುವ ಅಮ್ಮನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರನ್ನೂ ಕೂರಿಸಿ, ಕನ್ನಡದಲ್ಲಿ, ನಿಮ್ಮ ಕಾಲೇಜಿನಲ್ಲೇ ನಡೆಯಬಹುದಾದ ಉದಾಹರಣೆ ಇಟ್ಟು ಮಾತಾಡುವವರು ಸಿಕ್ಕರೆ ದುಡ್ಡು ಕೊಟ್ಟಾದರೂ ಕರೆಸಿ. ನಿಯಮಾವಳಿಯ ಕರಡು ಬರೆಯಲೂ ಸಹಾಯ ಪಡೆಯಬಹುದು. ಆದರೆ ಅವರು ಕಂಪನಿಗಳಿಗೆಂದು ಬರೆದಿಟ್ಟದ್ದನ್ನೇ ಹೆಸರು ಬದಲಿಸಿ ಕೊಡುತ್ತಿದ್ದಾರಾ ಅಂತ ನೋಡಿಕೊಳ್ಳಿ. ಕಂಪನಿಗಳಿಗೆ ಇರುವುದು 2013ರ ಪೋಶ್ ಕಾಯ್ದೆ, ಅಂದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ. ನಿಮಗೆ ಅದರ ಜೊತೆಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2015ರ ನಿಯಮಗಳೂ ಇವೆ. ಅವು ಗೆಜೆಟ್‌ನಲ್ಲಿ ಬಂದದ್ದು 2016ರ ಮೇ 2ರಂದು. ವಿದ್ಯಾರ್ಥಿಗಳ ವಿಷಯ ಇರುವುದೇ ಅದರಲ್ಲಿ.

ಎರಡಕ್ಕೂ ವ್ಯತ್ಯಾಸ ಜಾಸ್ತಿ ಇದೆ. ಯುಜಿಸಿ ಪ್ರಕಾರ ಸಮಿತಿಯಲ್ಲಿ ಹಿರಿಯ ಅಧ್ಯಾಪಕಿ ಅಧ್ಯಕ್ಷೆ, ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಒಬ್ಬ ಹೊರಗಿನ ಸದಸ್ಯೆ ಇರಬೇಕು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. ಅವರು ಆರಿಸಿ ಬಂದವರಾಗಿರಬೇಕು, ಪ್ರಾಂಶುಪಾಲರು ಬೆರಳು ತೋರಿಸಿದವರಲ್ಲ. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಇರಬೇಕು. ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರು ಸಮಿತಿಯಲ್ಲಿ ಇರುವಂತೆಯೇ ಇಲ್ಲ. ಇಷ್ಟು ಗೊತ್ತಿಲ್ಲದ ಸಂಸ್ಥೆ ಬರೆದುಕೊಟ್ಟ ನಿಯಮಾವಳಿ ನ್ಯಾಕ್ ಫೈಲಿಗೆ ಆಗಬಹುದು. ದೂರು ಹಿಡಿದು ಬಂದ ಹುಡುಗಿಗೆ ಆಗುವುದಿಲ್ಲ.

ಇನ್ನು ವಿಚಾರಣೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ಸಮಿತಿಗೆ. ಈ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಇರುವಷ್ಟೇ ಅಧಿಕಾರ ಅದು. ಅದನ್ನು ಕಂಟ್ರಾಕ್ಟ್ ಬರೆದು ಬೇರೆಯವರಿಗೆ ದಾಟಿಸಲು ಬರುವುದಿಲ್ಲ. ವಿಚಾರಣೆಗೆ ಕೂರುವಾಗ ಅಧ್ಯಕ್ಷೆಯೂ ಸೇರಿ ಕನಿಷ್ಠ ಮೂವರು ಸದಸ್ಯರು ಇರಲೇಬೇಕು. ಸಲಹಾ ಸಂಸ್ಥೆಯವರು ಪ್ರಶ್ನೆ ಕೇಳಿ, ವರದಿ ಬರೆದು, ನೀವು ಕೊನೆಗೆ ಸಹಿ ಹಾಕಿದರೆ ಮೊದಲ ಮೇಲ್ಮನವಿಯಲ್ಲೇ ಅದು ಬಿದ್ದುಹೋಗುವ ಭಯ ಇದೆ.

ಬಿದ್ದುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು 2009ರಲ್ಲಿ ದೂರು ಕೊಟ್ಟರು. ಸಮಿತಿ ಸಭೆಯ ಮೇಲೆ ಸಭೆ ನಡೆಸಿ ಅವಸರದಲ್ಲಿ ಮುಗಿಸಿತು. ಅವರ ಕೆಲಸ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ ಆ ಆದೇಶ ರದ್ದಾಯಿತು. ಆರೋಪ ಸುಳ್ಳು ಅಂತ ಕೋರ್ಟ್ ಹೇಳಲಿಲ್ಲ. ಅವರಿಗೆ ಸಮರ್ಥಿಸಿಕೊಳ್ಳಲು ಸರಿಯಾದ ಅವಕಾಶ ಸಿಗಲಿಲ್ಲ, 2009ರಲ್ಲಿ ಎಲ್ಲಿ ದಾರಿ ತಪ್ಪಿತೋ ಅಲ್ಲಿಂದಲೇ ಮತ್ತೆ ವಿಚಾರಣೆ ಮಾಡಿ ಅಂತು. ಹದಿನಾಲ್ಕು ವರ್ಷ! ದೂರು ಕೊಟ್ಟ ಹುಡುಗಿಯರು ಅಷ್ಟರಲ್ಲಿ ಎಲ್ಲಿದ್ದರೋ, ಅವರ ಬದುಕು ಎಲ್ಲಿಗೆ ಬಂದಿತ್ತೋ. ಆ ತೀರ್ಪು ಓದಿದಾಗ ನನಗೆ ಕಾಡಿದ್ದು ಅದೇ. ಸಮಿತಿಯ ಸದುದ್ದೇಶ ಇಲ್ಲಿ ಸಾಕಾಗುವುದಿಲ್ಲ. ಹೆಜ್ಜೆ ಹೆಜ್ಜೆಗೂ ಕ್ರಮ ಸರಿಯಿರಬೇಕು.

ಹೊರಗಿನ ಸದಸ್ಯೆಯ ಕೆಲಸ ಇರುವುದೇ ಇಲ್ಲಿ. ದೂರು ಬಂದ ಮೇಲೆ ಏಳು ದಿನದೊಳಗೆ ಅದರ ಪ್ರತಿ ಎದುರಿನವರಿಗೆ ಹೋಯಿತಾ? ಉತ್ತರಕ್ಕೆ ಹತ್ತು ದಿನ ಸಿಕ್ಕಿತಾ? ಸಾಕ್ಷಿಗಳ ಹೇಳಿಕೆ ಇಬ್ಬರಿಗೂ ತೋರಿಸಿದರಾ? ತೊಂಬತ್ತು ದಿನದಲ್ಲಿ ಮುಗಿಯುತ್ತದಾ? ಇದನ್ನೆಲ್ಲ ಯಾರ ಮುಲಾಜೂ ಇಲ್ಲದೆ ಕೇಳಬೇಕಾದವರು ಅವರು. ನೀವು ಅದೇ ಪ್ರಾಂಶುಪಾಲರ ಕೈಕೆಳಗೆ ನಾಳೆಯೂ ಕೆಲಸ ಮಾಡಬೇಕು. ನಿಮಗೆ ಬಡ್ತಿ ಬೇಕು, ರಜೆ ಬೇಕು. ಹೊರಗಿನವಳಿಗೆ ಅವರಿಂದ ಏನೂ ಬೇಕಾಗಿಲ್ಲ. ಕಾಯ್ದೆ ಅವಳನ್ನು ತಂದು ಕೂರಿಸಿದ್ದೇ ಆ ಕಾರಣಕ್ಕೆ. ಒಂದು ಕಾಲೇಜಿನಲ್ಲಿ ವಿಚಾರಣೆ ಶುರುವಾಗುವ ಹೊತ್ತಿಗೆ ಪ್ರಾಂಶುಪಾಲರು ಬಂದು ನನ್ನ ಪಕ್ಕದಲ್ಲೇ ಕೂತರು. ‘ಸುಮ್ನೆ ಕೇಳ್ತೀನಿ, ಮಾತಾಡಲ್ಲ’ ಅಂದರು. ಒಳ್ಳೆಯ ಮನುಷ್ಯರೇ. ಆದರೆ ಹುಡುಗಿಯ ಇಂಟರ್ನಲ್ಸ್ ಅಂಕದ ಪಟ್ಟಿಗೆ ಸಹಿ ಹಾಕುವವರು ಅವರು. ‘ಸರ್, ನೀವು ಹೊರಗಿರಬೇಕು’ ಅಂದೆ. ಕೋಣೆಯಲ್ಲಿದ್ದ ನಾಲ್ವರು ಅಧ್ಯಾಪಕರಿಗೂ ಅದೇ ಮಾತು ಹೇಳಬೇಕು ಅನ್ನಿಸಿತ್ತು, ಅವರ ಮುಖದಲ್ಲೇ ಕಾಣುತ್ತಿತ್ತು. ಹೇಳಲು ಅವರಿಗೆ ಆಗುತ್ತಿರಲಿಲ್ಲ.

ಈಗ ಯೋಚಿಸಿ. ತರಬೇತಿಗೆ, ವರದಿಗೆ, ಬೋರ್ಡಿಗೆ ನಿಮ್ಮ ಆಡಳಿತ ಮಂಡಳಿಯಿಂದ ವರ್ಷ ವರ್ಷ ಹಣ ಪಡೆಯುವ ಸಂಸ್ಥೆಯ ನೌಕರಳೇ ಆ ಕುರ್ಚಿಯಲ್ಲಿ ಕೂತರೆ, ಈ ಮಾತು ಅವಳ ಬಾಯಿಂದ ಬರುತ್ತದಾ? ಮುಂದಿನ ವರ್ಷದ ಕಂಟ್ರಾಕ್ಟ್ ಅವಳಿಗೂ ಬೇಕಲ್ಲ. ಹೊರಗಿನವರು ಅಂತ ಬಂದವರು ಒಳಗಿನವರಿಗಿಂತ ಹೆಚ್ಚು ಒಳಗಿನವರಾಗಿಬಿಡುತ್ತಾರೆ.

ಹಾಗಾದರೆ ಯಾರನ್ನು ಹುಡುಕಬೇಕು? ಮಹಿಳೆಯರ ನಡುವೆ ಕೆಲಸ ಮಾಡುವ ಸಂಘಟನೆಯವರು, ಲೈಂಗಿಕ ಕಿರುಕುಳದ ವಿಷಯ ಚೆನ್ನಾಗಿ ಬಲ್ಲವರು ಅಂತ ಕಾಯ್ದೆಯೇ ಹೇಳುತ್ತದೆ. ನಿಮ್ಮ ಜಿಲ್ಲೆಯಲ್ಲೇ ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದವರು, ಕೌಟುಂಬಿಕ ನ್ಯಾಯಾಲಯದಲ್ಲಿ ಓಡಾಡುವ ವಕೀಲೆಯರು ಸಿಗುತ್ತಾರೆ. ಆಡಳಿತ ಮಂಡಳಿಯವರ ನೆಂಟರು ಬೇಡ. ಕಾಲೇಜಿನ ಕೇಸು ನಡೆಸುವ ವಕೀಲರ ಹೆಂಡತಿ ಬೇಡ. ನಿಮ್ಮ ಊರಿನಿಂದ ಬಸ್ಸಿನಲ್ಲಿ ಬಂದು ಹೋಗುವಷ್ಟು ದೂರದಲ್ಲಿರುವುದು ಮುಖ್ಯ. ವಿಡಿಯೊ ಕಾಲ್‌ನಲ್ಲಿ ಕೂತು ಒಂದು ಹೆಣ್ಣುಮಗಳ ಅಳು ಕೇಳಿಸಿಕೊಳ್ಳುವುದು ಸುಲಭವಲ್ಲ.

ಮಂಡಳಿಯವರು ‘ಇದೆಲ್ಲ ಯಾಕೆ’ ಅಂದರೆ ಎರಡು ಮಾತು ಹೇಳಿ. ಸಮಿತಿಯನ್ನು ಸರಿಯಾಗಿ ರಚಿಸದಿದ್ದರೆ ಕಾಯ್ದೆಯಲ್ಲಿ 50,000 ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ದೊಡ್ಡದು, ಯುಜಿಸಿಯ ಅನುದಾನಕ್ಕೇ ಕುತ್ತು ಬರಬಹುದು.

ಪ್ರಶ್ನೆ: ಎಂ.ಎಸ್ಸಿ. ಎರಡನೇ ವರ್ಷ. ಪ್ರಾಜೆಕ್ಟ್ ಗೈಡ್ ಮೇಲೆ ದೂರು ಕೊಟ್ಟೆ. ಸಮಿತಿಯ ಹೊರಗಿನ ಸದಸ್ಯೆಯೇ ನನ್ನನ್ನು ಬೇರೆ ಕರೆದು ‘ನಿನ್ನ ವೈವಾ ಇದೆ, ಮುಂದೆ ಮದುವೆ ಇದೆ, ರಾಜಿ ಮಾಡಿಕೋ ಮಗಳೇ’ ಅಂದರು. ಅವರೇ ಹೀಗಂದರೆ ನಾನು ಯಾರ ಹತ್ತಿರ ಹೋಗಲಿ?
— ಹೆಸರು ಬೇಡ

ಉತ್ತರ: ಮೊದಲಿಗೆ ಇಷ್ಟು ತಿಳಿದುಕೊಳ್ಳಮ್ಮ. ರಾಜಿ ಸಂಧಾನ ಅನ್ನುವುದು ನೀನು ಕೇಳಿದರೆ ಮಾತ್ರ. ಸಮಿತಿಯವರು ತಾವಾಗಿ ಅದನ್ನು ನಿನ್ನ ಮುಂದೆ ಇಡುವಂತಿಲ್ಲ. ನೀನೇ ಕೇಳಿದರೂ ದುಡ್ಡಿನ ಮೇಲೆ ರಾಜಿ ಮಾಡುವಂತಿಲ್ಲ.

ಆ ಸದಸ್ಯೆ ಹೇಳಿದ್ದನ್ನು ಇವತ್ತೇ ಬರೆದಿಡು. ದಿನ, ಜಾಗ, ಜೊತೆಯಲ್ಲಿ ಯಾರಿದ್ದರು ಎಲ್ಲವೂ ಇರಲಿ. ಅದನ್ನು ಅಧ್ಯಕ್ಷೆಗೂ, ಸಂಸ್ಥೆಯ ಮುಖ್ಯಸ್ಥರಿಗೂ ಒಂದು ಪತ್ರವಾಗಿ ಕೊಡು. ‘ಇವರು ನನ್ನ ವಿಚಾರಣೆಯಲ್ಲಿ ಇರುವುದು ಬೇಡ’ ಅಂತ ನೇರವಾಗಿ ಕೇಳು. ಸ್ವೀಕರಿಸಿದ ಸಹಿ, ಮೊಹರು ಹಾಕಿಸಿಕೊಂಡ ಪ್ರತಿ ನಿನ್ನ ಹತ್ತಿರ ಇರಲಿ.

ಅದೇ ಪತ್ರದಲ್ಲಿ ಇನ್ನೊಂದು ಕೇಳು. ವಿಚಾರಣೆ ಮುಗಿಯುವ ತನಕ ಆ ಗೈಡ್ ನಿನ್ನ ಪ್ರಾಜೆಕ್ಟ್, ವೈವಾ, ಅಂಕ ಯಾವುದನ್ನೂ ಮುಟ್ಟಬಾರದು, ಬೇರೆ ಗೈಡ್ ಕೊಡಿ ಅಂತ. ಯುಜಿಸಿ ನಿಯಮದಲ್ಲಿ ಇದಕ್ಕೆ ಸ್ಪಷ್ಟ ಅವಕಾಶ ಇದೆ. ಬೇಕಾದರೆ ಮೂರು ತಿಂಗಳವರೆಗೆ ಅಟೆಂಡೆನ್ಸ್‌ಗೆ ಏಟು ಬೀಳದಂತೆ ರಜೆಯನ್ನೂ ಸಮಿತಿ ಶಿಫಾರಸು ಮಾಡಬಹುದು. ಬಹಳ ಹುಡುಗಿಯರು ಇದು ಗೊತ್ತಿಲ್ಲದೆ, ಕಿರುಕುಳ ಕೊಟ್ಟವನ ಲ್ಯಾಬ್‌ಗೇ ದಿನಾ ಹೋಗುತ್ತಾರೆ. ಕೊನೆಗೆ ದೂರು ವಾಪಸ್ ತೆಗೆದುಕೊಳ್ಳುತ್ತಾರೆ.

ಸಮಿತಿಯ ತೀರ್ಮಾನ ಒಪ್ಪಿಗೆ ಆಗದಿದ್ದರೆ ಯುಜಿಸಿ ನಿಯಮದಂತೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಪೊಲೀಸ್ ದೂರು ಬೇರೆ ದಾರಿ. ಅದಕ್ಕೆ ಸಮಿತಿಯ ಒಪ್ಪಿಗೆ ಬೇಕಿಲ್ಲ, ಯಾವಾಗ ಬೇಕಾದರೂ ಹೋಗಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಸಹಾಯವಾಣಿ 15100. ದೂರು ಸಾಬೀತಾಗದಿದ್ದರೆ ನಿನಗೇ ಶಿಕ್ಷೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡ. ಸಾಬೀತು ಮಾಡಲು ಆಗದಿರುವುದು ಬೇರೆ, ಬೇಕೆಂದೇ ಸುಳ್ಳು ಹೇಳುವುದು ಬೇರೆ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಖಾಸಗಿ ಪಿಯು ಕಾಲೇಜಿನ ಹಾಸ್ಟೆಲ್‌ನಲ್ಲಿದ್ದಾಳೆ. ಲೆಕ್ಚರರ್ ಒಬ್ಬ ರಾತ್ರಿ ಹೊತ್ತು ಕೆಟ್ಟ ಮೆಸೇಜ್ ಕಳಿಸುತ್ತಿದ್ದಾನೆ. ಕಾಲೇಜಿನವರು ‘ನಮ್ಮ ಸಲಹೆಗಾರರು ಬಂದು ಮಾತಾಡುತ್ತಾರೆ, ಪೊಲೀಸ್ ಬೇಡ’ ಅನ್ನುತ್ತಿದ್ದಾರೆ. ಕಾಯಬೇಕಾ?
— ಒಬ್ಬ ತಂದೆ, ಉತ್ತರ ಕರ್ನಾಟಕ

ಉತ್ತರ: ಕಾಯಬೇಡಿ ಅಣ್ಣಾ. ಹದಿನೆಂಟು ತುಂಬದವರ ವಿಷಯ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೆ ಬರುತ್ತದೆ. ಅಲ್ಲಿ ಸಲಹೆಗಾರರಿಗೆ ತೀರ್ಮಾನ ಮಾಡುವ ಜಾಗವೇ ಇಲ್ಲ. ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಇದನ್ನು ಅವರಿಗೇ ಹೇಳಿ.

ಮಗಳ ಫೋನಿನ ಮೆಸೇಜ್‌ಗಳನ್ನು ಅಳಿಸಬೇಡಿ. ಸಿಟ್ಟಿನಲ್ಲಿ ಅವನಿಗೆ ಫೋನ್ ಮಾಡಿ ಬೈಯಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡಿ, ಇಲ್ಲವೇ ನೇರ ಠಾಣೆಗೆ ಹೋಗಿ. ಮಗಳ ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ ಅಂತ ಕೇಳಬಹುದು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ, ಆದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು. ನೀವು ಅವಳ ಪಕ್ಕದಲ್ಲಿ ಕೂರಬಹುದು. ‘ನಿನ್ನ ತಪ್ಪಿಲ್ಲ’ ಅನ್ನುವ ಮಾತನ್ನು ಅವಳಿಗೆ ಮೊದಲು ಹೇಳಬೇಕಾದವರು ನೀವು. ಇನ್ನೂ ಹೇಳಿರದಿದ್ದರೆ ಈ ಪತ್ರಿಕೆ ಮಡಚಿಟ್ಟು ಮೊದಲು ಆ ಕೆಲಸ ಮಾಡಿ.

ಪ್ರಶ್ನೆ: ನಾನು ಮಹಿಳಾ ಸಂಘಟನೆಯ ಕಾರ್ಯಕರ್ತೆ. ಒಂದು ಎಂಜಿನಿಯರಿಂಗ್ ಕಾಲೇಜಿನವರು ಹೊರಗಿನ ಸದಸ್ಯೆಯಾಗಿ ಬನ್ನಿ ಅಂದಿದ್ದಾರೆ. ನಾನು ವಕೀಲೆಯಲ್ಲ. ಒಪ್ಪಿಕೊಳ್ಳುವ ಮೊದಲು ಏನು ನೋಡಬೇಕು?
— ಕಲ್ಯಾಣ ಕರ್ನಾಟಕದ ಓದುಗರು

ಉತ್ತರ: ಖಂಡಿತ ಒಪ್ಪಿಕೊಳ್ಳಿ ಅಕ್ಕಾ. ವಕೀಲೆಯೇ ಆಗಬೇಕು ಅಂತ ಇಲ್ಲ. ನಿಮ್ಮಂಥವರು ಬೇಡ ಅಂದರೆ ಆ ಜಾಗಕ್ಕೆ ಅವರ ಪರಿಚಯದವರೇ ಬಂದು ಕೂರುತ್ತಾರೆ.

ಒಪ್ಪುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಸಮಿತಿಯ ಬೋರ್ಡು ಎಲ್ಲಿದೆ ನೋಡಿ. ಪ್ರಾಂಶುಪಾಲರ ಕೋಣೆಯ ಎದುರಿಗಿದ್ದರೆ ಅಲ್ಲಿ ನಿಂತು ಫೋನ್ ನಂಬರ್ ಬರೆದುಕೊಳ್ಳುವ ಧೈರ್ಯ ಯಾವ ಹುಡುಗಿಗೂ ಬರುವುದಿಲ್ಲ. ಹಾಸ್ಟೆಲ್‌ನಲ್ಲಿ, ಹುಡುಗಿಯರ ಶೌಚಾಲಯದ ಬಾಗಿಲ ಹಿಂದೆ, ಕಾಲೇಜ್ ಬಸ್ಸಿನಲ್ಲಿ ಹಾಕಿಸಿ. ವಿಚಾರಣೆಯ ಕೋಣೆ ನೋಡಿ. ಕಾರಿಡಾರ್ ಕಡೆ ಗಾಜಿನ ಕಿಟಕಿ ಇದ್ದರೆ ಬೇಡ ಅನ್ನಿ. ದೂರು ಕೊಟ್ಟವಳೂ ಎದುರಿನವನೂ ಹೊರಗೆ ಒಂದೇ ಬೆಂಚಿನ ಮೇಲೆ ಕಾಯುವಂತಾಗಬಾರದು. ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಡಿಸಿ.

ನೇಮಕದ ಆದೇಶ ಲಿಖಿತವಾಗಿ ಬೇಕು. ಅವಧಿ ಮೂರು ವರ್ಷದವರೆಗೆ ಇರುತ್ತದೆ. ನೀವಿಲ್ಲದೆ ಮೂವರು ಕೂತರೂ ಕಾಯ್ದೆಯ ಲೆಕ್ಕಕ್ಕೆ ಕೋರಂ ಆಗಿಬಿಡುತ್ತದೆ. ಅದಕ್ಕೇ ‘ಹೊರಗಿನ ಸದಸ್ಯೆ ಇಲ್ಲದ ದಿನ ವಿಚಾರಣೆ ಇಲ್ಲ’ ಅಂತ ಸಮಿತಿಯ ಮೊದಲ ಸಭೆಯಲ್ಲೇ ಠರಾವು ಮಾಡಿಸಿ, ನಡಾವಳಿಯಲ್ಲಿ ಬರೆಸಿ. ಕಾಲೇಜಿನ ಆಡಳಿತ ಮಂಡಳಿ ನಿಮ್ಮ ಸಂಘಟನೆಗೆ ದೇಣಿಗೆ ಕೊಡುತ್ತಿದ್ದರೆ ಮಾತ್ರ ದಯವಿಟ್ಟು ಒಪ್ಪಬೇಡಿ.

ಹಣದ ವಿಷಯ ಕೇಳಲು ಸಂಕೋಚ ಪಡಬೇಡಿ. ಪೋಶ್ ನಿಯಮಗಳಲ್ಲಿ ಹೊರಗಿನ ಸದಸ್ಯೆಗೆ ವಿಚಾರಣೆಯ ದಿನವೊಂದಕ್ಕೆ 200 ರೂಪಾಯಿ ಭತ್ಯೆ, ಜೊತೆಗೆ ಪ್ರಯಾಣದ ಖರ್ಚು ಅಂತ ಇದೆ. ಈ ಮೊತ್ತ ಬಹಳ ಕಡಿಮೆ. ಒಂದು ದಿನದ ಕೂಲಿಯೂ ಅಲ್ಲ. ಸರ್ಕಾರ ಇದನ್ನು ಹೆಚ್ಚಿಸಲೇಬೇಕು ಅಂತ ನನ್ನ ಒತ್ತಾಯ. ದುಡಿದು ತಿನ್ನುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದು ಹೇಗೆ ಮತ್ತೆ? ಹಾಗಂತ ಕಾಲೇಜಿನವರು ಕವರ್‌ನಲ್ಲಿ ಹಾಕಿ ಕೊಡುವ ‘ಗೌರವ’ ಬೇಡ. ಕೊಡುವುದು ಏನಿದ್ದರೂ ರಸೀದಿ ಇರಲಿ.

ಹೇಳಿಕೆ ಬರೆದುಕೊಳ್ಳುವಾಗ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆಸಿ. ನಿಮ್ಮ ಕಡೆ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳೂ ಇರುತ್ತಾರೆ. ಗುಮಾಸ್ತರು ಅದನ್ನು ತಮ್ಮ ಇಂಗ್ಲಿಷಿನಲ್ಲಿ ಎರಡು ಸಾಲು ಮಾಡಿ ಟೈಪ್ ಮಾಡಿದರೆ ಸಹಿ ಹಾಕಬೇಡಿ, ಹಾಕಿಸಲೂ ಬೇಡಿ. ಉಳಿದವರ ತೀರ್ಮಾನ ನಿಮಗೆ ಸರಿ ಕಾಣದಿದ್ದರೆ ನಿಮ್ಮ ಭಿನ್ನಾಭಿಪ್ರಾಯವನ್ನು ಬೇರೆ ಹಾಳೆಯಲ್ಲಿ ಬರೆದು ವರದಿಗೆ ಸೇರಿಸಿ. ಒಬ್ಬರೇ ಆಗಿದ್ದರೂ ಸರಿ. ಮೇಲ್ಮನವಿ ಹೋದಾಗ ಆ ಹಾಳೆಗೆ ಬೆಲೆ ಇರುತ್ತದೆ.

ಪ್ರಶ್ನೆ: ನಾನು ಮೈಸೂರಿನವಳು, ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರೊಫೆಸರ್ ಒಬ್ಬರ ಮೇಲೆ ದೂರು ಕೊಟ್ಟಿದ್ದೇನೆ. ತನಿಖೆಗೆ ವಿಶ್ವವಿದ್ಯಾಲಯ ಹೊರಗಿನ ವಕೀಲರ ಸಂಸ್ಥೆಯನ್ನು ನೇಮಿಸಿದೆಯಂತೆ. ನೀವು ಬರೆದಂತೆ ಅದು ತಪ್ಪಲ್ವಾ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ಅಲ್ಲಿನ ವ್ಯವಸ್ಥೆ ಬೇರೆ. ಅಲ್ಲಿ ಇದು ವಿದ್ಯಾಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿಗೆ ಬರುತ್ತದೆ. ಹೊರಗಿನ ತನಿಖಾಧಿಕಾರಿಯನ್ನು ನೇಮಿಸಲು ಅಡ್ಡಿಯಿಲ್ಲ. 2024ರಲ್ಲಿ ಬಂದ ಹೊಸ ನಿಯಮಗಳನ್ನು ಅಲ್ಲಿನ ಫೆಡರಲ್ ಕೋರ್ಟ್ 2025ರ ಜನವರಿಯಲ್ಲಿ ರದ್ದು ಮಾಡಿತು. ಅದರಿಂದ 2020ರ ನಿಯಮಗಳೇ ಮತ್ತೆ ನಡೆಯುತ್ತಿವೆ. ಅವುಗಳ ಪ್ರಕಾರ ತನಿಖೆ ಮಾಡಿದವರೇ ತೀರ್ಪು ಕೊಡುವಂತಿಲ್ಲ, ತೀರ್ಮಾನ ಬೇರೆಯವರದು. ನೀವು ಆ ವಕೀಲರ ಸಂಸ್ಥೆಯ ಕಕ್ಷಿದಾರಳಲ್ಲ ಅನ್ನುವುದು ನೆನಪಿರಲಿ. ಅವರನ್ನು ನೇಮಿಸಿದ್ದು ವಿಶ್ವವಿದ್ಯಾಲಯ. ಎಷ್ಟೇ ಮೃದುವಾಗಿ ಮಾತಾಡಿದರೂ ಅವರು ನಿಮ್ಮ ವಕೀಲರಲ್ಲ.

ನಿಮಗೆಂದೇ ಒಬ್ಬ ಅಡ್ವೈಸರ್ ಇಟ್ಟುಕೊಳ್ಳುವ ಹಕ್ಕು ಇದೆ. ಅವರು ವಕೀಲರೂ ಆಗಬಹುದು. ನಮ್ಮಲ್ಲಿ ಸಮಿತಿಯ ಮುಂದೆ ಯಾರೂ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ, ಅಲ್ಲಿ ಉಲ್ಟಾ. ವಿಚಾರಣೆಯ ದಿನ ಎದುರಿನ ಕಡೆಯ ಪ್ರಶ್ನೆಗಳು ಅವರ ಅಡ್ವೈಸರ್ ಬಾಯಿಂದ ಬರುತ್ತವೆ. ಆ ಪ್ರೊಫೆಸರ್ ತಾವೇ ನಿಮ್ಮನ್ನು ಪ್ರಶ್ನಿಸುವಂತಿಲ್ಲ. ನಿಮಗೆ ಯಾರೂ ಸಿಗದಿದ್ದರೆ ಆ ವಿಚಾರಣೆಗೆ ವಿಶ್ವವಿದ್ಯಾಲಯವೇ ಹಣ ಪಡೆಯದೆ ಒಬ್ಬರನ್ನು ಕೊಡಬೇಕು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅಂತ ಕೇಳಿದರೆ ಒಪ್ಪಲೇಬೇಕು. ಇನ್ನೊಂದು ಮುಖ್ಯ ವಿಷಯ. ಸಿಬ್ಬಂದಿಯೊಬ್ಬರು ವಿದ್ಯಾರ್ಥಿಗೆ ಕಿರುಕುಳ ಕೊಟ್ಟ ಆರೋಪ ಇದ್ದರೆ ಅನೌಪಚಾರಿಕ ರಾಜಿಗೆ ಆ ನಿಯಮದಲ್ಲಿ ಅವಕಾಶವೇ ಇಲ್ಲ. ಯಾರಾದರೂ ಆ ಮಾತು ತೆಗೆದರೆ ಇಮೇಲ್‌ನಲ್ಲಿ ಕಳಿಸಿ ಅನ್ನಿ.

ವೀಸಾ ವಿಷಯ ಎಚ್ಚರ. ಬೇಸರದಲ್ಲಿ ಕೋರ್ಸ್ ಬಿಡಬೇಡಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪೂರ್ಣಾವಧಿ ಓದುತ್ತಿರಬೇಕು. ಕಡಿಮೆ ಮಾಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಅನುಮತಿ ಪಡೆಯಿರಿ. ಗೈಡ್ ಬದಲಾವಣೆ, ಡೆಡ್‌ಲೈನ್ ಮುಂದೂಡಿಕೆ ಇವನ್ನು ಟೈಟಲ್ ನೈನ್ ಕಚೇರಿಯಲ್ಲಿ ಕೇಳಿ. ಮನೆಯವರಿಗೆ ಹೇಳಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಒಬ್ಬರಿಗಾದರೂ ಹೇಳಿ, ಅಕ್ಕನಿಗೋ ಗೆಳತಿಗೋ. ಇಷ್ಟು ದೊಡ್ಡದನ್ನು ಒಬ್ಬರೇ ಹೊರುವುದು ಕಷ್ಟ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹುಡುಗನೊಬ್ಬನಿಗೆ ಸೀನಿಯರ್‌ಗಳು ಅಸಹ್ಯವಾಗಿ ಕಿರುಕುಳ ಕೊಟ್ಟಿದ್ದಾರೆ. ‘ಇದು ಹುಡುಗಿಯರ ಸಮಿತಿ’ ಅಂತ ದೂರು ತೆಗೆದುಕೊಳ್ಳುತ್ತಿಲ್ಲ.
— ಅವನ ರೂಮ್‌ಮೇಟ್

ಉತ್ತರ: ತೆಗೆದುಕೊಳ್ಳಬೇಕು. ಗಂಡು ವಿದ್ಯಾರ್ಥಿಗಳಿಗೂ, ತೃತೀಯ ಲಿಂಗದ ವಿದ್ಯಾರ್ಥಿಗಳಿಗೂ ಹೀಗಾಗುತ್ತದೆ ಅಂತ ಯುಜಿಸಿ ನಿಯಮಗಳೇ ಒಪ್ಪಿಕೊಂಡು, ಎಲ್ಲರ ಪರವಾಗಿಯೂ ಕ್ರಮ ಕೈಗೊಳ್ಳಬೇಕು ಅಂತ ಕಾಲೇಜಿಗೆ ಹೇಳಿವೆ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಲಿ. ತಡವಾಗಿದ್ದರೆ ಕಾರಣ ಬರೆದರೆ ಇನ್ನೂ ಮೂರು ತಿಂಗಳು ಸಮಿತಿ ಕೊಡಬಹುದು. ಅವನು ಬರೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಗೆಳೆಯನಾಗಿ ನೀನೇ ಕೊಡಲು ಅವಕಾಶ ಇದೆ. ರ‍್ಯಾಗಿಂಗ್ ವಿರೋಧಿ ಸಮಿತಿಗೂ ಒಂದು ಪ್ರತಿ ಕೊಡು.

ಪ್ರಶ್ನೆ: ನಾನು ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟ್. ಸಮಿತಿಯ ಫೈಲು ನನ್ನ ಹತ್ತಿರ ಇರುತ್ತದೆ. ವಾರ್ಷಿಕ ವರದಿ ಮಾಡಲು ಹಳೆಯ ದೂರುಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಮೇಲ್ ಮಾಡಿ ಅಂತ ಸಲಹಾ ಸಂಸ್ಥೆಯವರು ಕೇಳಿದ್ದಾರೆ. ಕಳಿಸಲಾ?
— ಸಿಬ್ಬಂದಿ, ಮೈಸೂರು ಭಾಗ

ಉತ್ತರ: ಕಳಿಸಬೇಡಿ. ವಾರ್ಷಿಕ ವರದಿಗೆ ಬೇಕಾಗುವುದು ಸಂಖ್ಯೆ ಮಾತ್ರ. ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ತೊಂಬತ್ತು ದಿನ ದಾಟಿದವು ಎಷ್ಟು, ಎಷ್ಟು ತರಬೇತಿ ನಡೆದವು, ಕಾಲೇಜು ಏನು ಕ್ರಮ ಕೈಗೊಂಡಿತು. ದೂರುದಾರರ, ಸಾಕ್ಷಿಗಳ, ಆರೋಪ ಹೊತ್ತವರ ಹೆಸರು, ಗುರುತು, ದೂರಿನ ವಿವರ ಹೊರಗೆ ಹೋಗುವಂತಿಲ್ಲ. ಪೋಶ್ ನಿಯಮಗಳಲ್ಲಿ ಇದಕ್ಕೆ 5,000 ರೂಪಾಯಿ ದಂಡವೂ ಇದೆ. ಅಧ್ಯಕ್ಷೆಗೆ ಒಂದು ಟಿಪ್ಪಣಿ ಬರೆದು ‘ಲಿಖಿತ ಆದೇಶ ಕೊಡಿ’ ಅನ್ನಿ. ಕೇಳಿದ ಇಮೇಲ್‌ನ ಪ್ರತಿ ಅದಕ್ಕೆ ಲಗತ್ತಿಸಿ. ಇವತ್ತು ಆ ಫೈಲು ತೆರೆದ ರ‍್ಯಾಕ್‌ನಲ್ಲಿ ಇದ್ದರೆ ಬೀಗ ಇರುವ ಬೀರುವಿಗೆ ಹಾಕಿಸಿ, ಕೀಲಿ ಅಧ್ಯಕ್ಷೆಯ ಕೈಗೆ ಕೊಡಿ.